ಹಮಾಲನ ಹೆಸರು ಹೊತ್ತ ತಂತ್ರಾಂಶ

"ಸರ್, ಮನೆಯಲ್ಲಿ ಸರಿಯಾಗಿಯೇ ಓಡುತ್ತಿತ್ತು" ಎಂಬ ಮಾತನ್ನು ನಿಮ್ಮಲ್ಲಿ ಅನೇಕರು ಆಡಿರುತ್ತೀರಿ. ನನ್ನ ಬಳಿ ಹೈಸ್ಕೂಲಿನಲ್ಲಿ ಉರ್ದು ಕಲಿತ ಹುಡುಗನೊಬ್ಬ ಬಿ.ಸಿ.ಎ. ಅಂತಿಮ ವರ್ಷದ ಪ್ರಾಜೆಕ್ಟನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡು ಪರೀಕ್ಷಕರ ಮುಂದೆ ನಿಂತಾಗ ಹೇಳಿದ್ದೂ ಇದನ್ನೇ. ಲ್ಯಾಬಿನ ಗಣಕಯಂತ್ರದಲ್ಲಿ ಪೈಥಾನ್‌ನ ಹಳೆಯ ಆವೃತ್ತಿ ಇತ್ತು. ಮೂರು ತಿಂಗಳ ದುಡಿಮೆ ಪರದೆಯ ಮೇಲೆ ನಾಲ್ಕು ಸಾಲು ಕೆಂಪಕ್ಷರವಾಗಿ ಮುಗಿಯಿತು. ಹುಡುಗ ಸುಳ್ಳು ಹೇಳಿರಲಿಲ್ಲ, ಪರೀಕ್ಷಕರೂ ತಪ್ಪು ಮಾಡಿರಲಿಲ್ಲ. ಈ ತೊಂದರೆಗೆ ಪರಿಹಾರ 2013ರಿಂದಲೇ ಇತ್ತು, ಅವನಿಗೆ ಯಾರೂ ತಿಳಿಸಿರಲಿಲ್ಲ ಅಷ್ಟೇ. ಭಾಷಾ ಅಧ್ಯಾಪಕನಾದ ನಾನು ಈ ವಿಷಯಕ್ಕೆ ಕೈ ಹಾಕಿರುವುದು ಅದೇ ಕಾರಣಕ್ಕೆ.

ಇದರ ಇತಿಹಾಸ ಗಣಕಯಂತ್ರಕ್ಕಿಂತ ಮೊದಲು ಬಂದರಿನಲ್ಲಿ ಆರಂಭವಾಗುತ್ತದೆ. ಹಿಂದೆ ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಹಡಗಿಗೆ ತುಂಬಬೇಕಿತ್ತು. 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್ ಬಂದರಿನಿಂದ 'ಐಡಿಯಲ್-ಎಕ್ಸ್' ಎಂಬ ಹಡಗು 58 ಲೋಹದ ಡಬ್ಬಗಳನ್ನು ಹೊತ್ತು ಹ್ಯೂಸ್ಟನ್ ಕಡೆಗೆ ಹೊರಟಿತು. ಈ ಉಪಾಯ ಹೂಡಿದವರು ಲಾರಿ ಕಂಪನಿ ನಡೆಸುತ್ತಿದ್ದ ಮಾಲ್ಕಮ್ ಮೆಕ್ಲೀನ್. ಕೈಯಿಂದ ತುಂಬಿದರೆ ಟನ್ನಿಗೆ ಸುಮಾರು 6 ಡಾಲರ್ ತಗಲುತ್ತಿದ್ದ ಕೆಲಸ ಹೀಗೆ ಸುಮಾರು 16 ಸೆಂಟ್‌ಗೆ ಇಳಿಯಿತು. ಡಬ್ಬದ ಅಳತೆ ಎಲ್ಲೆಡೆ ಒಂದೇ ಆದ ಮೇಲೆ ಒಳಗೆ ಏನಿದೆ ಎಂಬ ಚಿಂತೆ ಕ್ರೇನಿಗೂ ಇಲ್ಲ, ಲಾರಿಗೂ ಇಲ್ಲ. ಆದರೆ ಹೊರೆ ಹೊರುವವರ ಕೆಲಸ ಹೋಯಿತು. ಲಂಡನ್ನಿನ ಹಳೆಯ ಡಾಕ್‌ಗಳು 1960ರ ದಶಕದ ಕೊನೆಯಿಂದ ಒಂದೊಂದಾಗಿ ಮುಚ್ಚುತ್ತ ಬಂದು 1981ರಲ್ಲಿ ಕೊನೆಯವೂ ಬಾಗಿಲು ಹಾಕಿದವು.

ತಂತ್ರಾಂಶ ಲೋಕದಲ್ಲಿ ಡಬ್ಬಕ್ಕಿಂತ ಮೊದಲು ಹುಟ್ಟಿದ್ದು ಗೋಡೆ. 1979ರಲ್ಲಿ ಯುನಿಕ್ಸ್‌ನ 7ನೇ ಆವೃತ್ತಿಗೆ 'ಚೇಂಜ್ ರೂಟ್' ಎಂಬ ಸೌಲಭ್ಯ ಸೇರಿತು. ಒಂದು ಪ್ರೋಗ್ರಾಮಿಗೆ ಒಂದು ಫೋಲ್ಡರನ್ನು ತೋರಿಸಿ 'ಇದೇ ನಿನ್ನ ಇಡೀ ಪ್ರಪಂಚ' ಎಂದು ನಂಬಿಸುವುದು ಅದರ ಕೆಲಸ. 2000ದಲ್ಲಿ ಫ್ರೀಬಿಎಸ್‌ಡಿ ಇದನ್ನು ಬಲಪಡಿಸಿ 'ಜೈಲ್' ಎಂದು ಕರೆಯಿತು. 2006ರಲ್ಲಿ ಗೂಗಲ್‌ನ ಎಂಜಿನಿಯರುಗಳು ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಎಂದು ಪಡಿತರದಂತೆ ಅಳೆದು ಕೊಡುವ ವ್ಯವಸ್ಥೆಯ ಕೆಲಸ ಆರಂಭಿಸಿದರು. ಅದು 2008ರಲ್ಲಿ ಲಿನಕ್ಸ್‌ನ ಭಾಗವಾಯಿತು. ಇಷ್ಟೆಲ್ಲ ಇದ್ದರೂ ಅದು ಪರಿಣತರ ಕೈಯಲ್ಲೇ ಉಳಿಯಿತು.

2013ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಸೊಲೊಮನ್ ಹೈಕ್ಸ್ ಎಂಬವರಿಗೆ ಸಿಕ್ಕಿದ್ದು ಸುಮಾರು ಐದು ನಿಮಿಷ. ಅಷ್ಟರಲ್ಲೇ ಅವರು ತಮ್ಮ ಡಾಟ್‌ಕ್ಲೌಡ್ ಕಂಪನಿಯ 'ಡಾಕರ್' ಅನ್ನು ತೋರಿಸಿದರು. ಅದೇ ತಿಂಗಳು ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಗೋಡೆ ಹಳೆಯದೇ. ಹೊಸದೆಂದರೆ ಪ್ರೋಗ್ರಾಮು, ಅದಕ್ಕೆ ಬೇಕಾದ ಭಾಷೆಯ ಆವೃತ್ತಿ, ಲೈಬ್ರರಿ ಎಲ್ಲವನ್ನೂ ಒಂದೇ ಡಬ್ಬದಲ್ಲಿ ಕಟ್ಟಿ ಸಾಗಿಸುವ ಸುಲಭ ದಾರಿ. ಡಾಕರ್ ಎಂದರೆ ಬಂದರಿನಲ್ಲಿ ಹೊರೆ ಹೊರುವವನು, ಅರಬ್ಬಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದಿರುವ ನಮ್ಮ 'ಹಮಾಲ'. ಯಾರ ಕೆಲಸವನ್ನು ಡಬ್ಬ ಕಸಿದುಕೊಂಡಿತೋ ಅವನ ಹೆಸರನ್ನೇ ಡಬ್ಬ ಕಟ್ಟುವ ತಂತ್ರಾಂಶಕ್ಕೆ ಇಟ್ಟಿದ್ದಾರೆ. ನನಗೆ ಇದು ಸ್ವಲ್ಪ ಚುಚ್ಚುತ್ತದೆ.

ನೀವು ಹೇಗೆ ಆರಂಭಿಸಬೇಕು? ಡಾಕರ್ ಅನುಸ್ಥಾಪಿಸಿಕೊಂಡು 'ಡಾಕರ್ ರನ್ ಹೆಲೋ-ವರ್ಲ್ಡ್' ಎಂಬ ಆಜ್ಞೆ ಕೊಡಿ. ಒಂದು ಸಣ್ಣ ಇಮೇಜ್ ಇಳಿದು ಬಂದು, ಓಡಿ, ನಿಮಗೆ ಸ್ವಾಗತ ಹೇಳಿ ನಿಲ್ಲುತ್ತದೆ. ಇಮೇಜ್ ಎಂದರೆ ಅಚ್ಚು, ಕಂಟೇನರ್ ಎಂದರೆ ಆ ಅಚ್ಚಿನಿಂದ ತೆಗೆದ ಬೆಲ್ಲ. ಒಂದೇ ಅಚ್ಚಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ನಿಮ್ಮದೇ ಅಚ್ಚು ಮಾಡಲು 'ಡಾಕರ್‌ಫೈಲ್' ಎಂಬ ಕಡತ ಬರೆಯಬೇಕು. 'ಫ್ರಮ್' ಎಂಬಲ್ಲಿ ಯಾವ ತಳಹದಿಯ ಮೇಲೆ ಎಂದು ಹೇಳಿರಿ, ಉದಾಹರಣೆಗೆ ಪೈಥಾನ್‌ನ ಇಂಥದೇ ಆವೃತ್ತಿ. 'ಕಾಪಿ' ನಿಮ್ಮ ಕಡತಗಳನ್ನು ಒಳಗೆ ಹಾಕುತ್ತದೆ, 'ರನ್' ಬೇಕಾದ ಲೈಬ್ರರಿಗಳನ್ನು ಸೇರಿಸುತ್ತದೆ, 'ಸಿಎಂಡಿ' ಕೊನೆಗೆ ಏನು ಓಡಬೇಕೆಂದು ಹೇಳುತ್ತದೆ. ನಂತರ 'ಡಾಕರ್ ಬಿಲ್ಡ್'. ಆ ಆಜ್ಞೆಯ ತುದಿಯಲ್ಲಿ 'ಈ ಫೋಲ್ಡರಿನಿಂದ' ಎಂಬ ಅರ್ಥದ ಒಂದು ಚುಕ್ಕೆ ಇರಬೇಕು. ಹೊಸಬರು ಅದನ್ನು ಮರೆತು ಗಂಟೆಗಟ್ಟಲೆ ಒದ್ದಾಡುತ್ತಾರೆ. ಮೇಲಿನ ನುಖ್ತಾ ಕೆಳಗಿಳಿದರೆ ಖುದಾ ಜುದಾ ಆಗುವ ಲಿಪಿಯನ್ನು ಓದಿದವರಿಗೆ ಚುಕ್ಕೆಯ ಬೆಲೆ ಹೇಳಬೇಕಾಗಿಲ್ಲ.

ವರ್ಚುವಲ್ ಮೆಷೀನ್ ಪ್ರತಿಯೊಂದಕ್ಕೂ ಪೂರ್ತಿ ಕಾರ್ಯಾಚರಣಾ ವ್ಯವಸ್ಥೆ ಬೇಕು. ಅದು ಜಿಬಿಗಟ್ಟಲೆ ಜಾಗ ತಿನ್ನುತ್ತದೆ. ಕಂಟೇನರ್‌ಗಳು ಒಂದೇ ಕರ್ನೆಲ್ ಹಂಚಿಕೊಳ್ಳುವುದರಿಂದ ಹಗುರ. ಗೋಡೆ ಅಷ್ಟೇ ತೆಳುವೂ ಹೌದು. ಗುರುತಿಲ್ಲದವರ ಇಮೇಜನ್ನು ತಂದು ಓಡಿಸಬೇಡಿ. ಡಾಕರ್ ಡೆಸ್ಕ್‌ಟಾಪ್‌ಗೆ 2021ರಿಂದ ದೊಡ್ಡ ಕಂಪನಿಗಳು ಹಣ ತೆರಬೇಕಾಯಿತು, ಕಲಿಯುವವರಿಗೆ ಅದು ಉಚಿತ. ಸಾವಿರಾರು ಕಂಟೇನರ್‌ಗಳನ್ನು ನಡೆಸಲು ಗೂಗಲ್ 2014ರಲ್ಲಿ ಹೊರತಂದ ಕುಬರ್ನೆಟಿಸ್‌ನ ಹೆಸರಿಗೆ ಗ್ರೀಕ್‌ನಲ್ಲಿ ಚುಕ್ಕಾಣಿ ಹಿಡಿಯುವವನು ಎಂದರ್ಥ. ಅದರ ಅವಸರ ನಿಮಗೆ ಈಗ ಇಲ್ಲ.

ನಮ್ಮ ಹುಡುಗ ಮರುಪರೀಕ್ಷೆಗೆ ಮೊದಲೇ ಲ್ಯಾಬಿನಲ್ಲಿ ಡಾಕರ್ ಇದೆಯೇ ಎಂದು ವಿಚಾರಿಸಿ, ಹಾಕಿಸಿಕೊಂಡು, ತನ್ನ ಇಮೇಜ್ ಒಯ್ದು ಪಾಸಾದ. ಪ್ರಾಜೆಕ್ಟು ಗ್ರಂಥಾಲಯದ ಪುಸ್ತಕ ವಿತರಣೆಯದು. ಅದನ್ನು ನಮ್ಮ ವಾಚನಾಲಯದ ಲ್ಯಾಪ್‌ಟಾಪಿನಲ್ಲಿ ಹಾಕಿ ಎರಡು ಸಂಜೆ ಕುಳಿತು ನಾವಿಬ್ಬರೂ ಪುಸ್ತಕಗಳ ಹೆಸರು ತುಂಬಿಸಿದೆವು. ಮೂರನೆಯ ದಿನ ಏನೋ ತಿದ್ದಲೆಂದು ನಾನೇ ಆ ಕಂಟೇನರ್ ಅಳಿಸಿದೆ. ಪುಸ್ತಕಗಳೆಲ್ಲ ಅದರ ಜೊತೆಗೇ ಹೋದವು. ಉಳಿಯಬೇಕಾದ ಮಾಹಿತಿಯನ್ನು 'ವಾಲ್ಯೂಮ್' ಎಂಬ ಹೊರಗಿನ ಕಪಾಟಿನಲ್ಲಿಡಬೇಕೆಂದು ಅವನು ಆಮೇಲೆ ತೋರಿಸಿಕೊಟ್ಟ. ಉರ್ದು ವಿಭಾಗವನ್ನು ಮತ್ತೆ ತುಂಬಿಸಿಯಾಗಿದೆ. ಕನ್ನಡದ್ದು ಇನ್ನೂ ಎರಡು ಕಪಾಟು ಬಾಕಿ.