ಇಂಗ್ಲಿಷ್ ಶಿಕ್ಷಕರ ತರಬೇತಿ, ಕರ್ನಾಟಕದಲ್ಲಿ

ಕರ್ನಾಟಕದ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವವರಿಗೆ ಸೇವೆಯ ಅವಧಿಯಲ್ಲಿ ದೊರೆಯುವ ಶಿಕ್ಷಣ, ಮತ್ತು ಅದರ ಮೂಲಕ ತರಗತಿಗೆ ಬಂದ ಬೋಧನಕ್ರಮಗಳು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 5ನೆಯ ತರಗತಿಯಿಂದ ಇದ್ದ ಇಂಗ್ಲಿಷ್, 2007-08ರಿಂದ 1ನೆಯ ತರಗತಿಗೆ ಇಳಿದು ಬಂತು. 2019-20ರಲ್ಲಿ ಆಯ್ದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. ಎಲ್ಲ ವಿಷಯಗಳನ್ನೂ ಕಲಿಸುವ ಪ್ರಾಥಮಿಕ ಶಾಲಾ ಶಿಕ್ಷಕರೇ ಇಂಗ್ಲಿಷಿನ ಹೊಣೆಯನ್ನೂ ಹೊರಬೇಕಾದುದರಿಂದ ತರಬೇತಿಯ ಅಗತ್ಯ ಹೆಚ್ಚಿತು.

ಸಂಸ್ಥೆಗಳು

ಇಂಗ್ಲಿಷ್ ಬೋಧನೆಗೆಂದೇ ಮೀಸಲಾದ ಕೇಂದ್ರೀಯ ಸಂಸ್ಥೆ 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾಯಿತು. ಅದು 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಯಿತು. ದಕ್ಷಿಣದ ರಾಜ್ಯಗಳ ಶಿಕ್ಷಕರಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಜ್ಞಾನಭಾರತಿ ಆವರಣದಲ್ಲಿರುವ ಈ ಸಂಸ್ಥೆ ಶಿಕ್ಷಕರಿಗೆ 30 ದಿನಗಳ ಪ್ರಮಾಣಪತ್ರ ಶಿಬಿರವನ್ನೂ ಸ್ನಾತಕೋತ್ತರ ಡಿಪ್ಲೊಮಾವನ್ನೂ ನಡೆಸುತ್ತದೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು, ಹುಟ್ಟಿಕೊಂಡವು. ಕೊಡಗಿನ ಡಯಟ್ ಕುಶಾಲನಗರದ ಬಳಿಯ ಕೂಡಿಗೆಯಲ್ಲಿದೆ. ರಾಜ್ಯಮಟ್ಟದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ಜಿಲ್ಲೆಗೆ ಡಯಟ್, ಅದರ ಕೆಳಗೆ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ) ಮತ್ತು ಸಮೂಹ ಸಂಪನ್ಮೂಲ ಕೇಂದ್ರ (ಸಿಆರ್‌ಸಿ) ಎಂಬುದು ತರಬೇತಿ ಇಳಿದು ಬರುವ ದಾರಿ. ಮೇಲಿನ ಹಂತದಲ್ಲಿ ತರಬೇತಾದ ಸಂಪನ್ಮೂಲ ವ್ಯಕ್ತಿಗಳು ಕೆಳಗಿನವರಿಗೆ ಕಲಿಸುತ್ತಾರೆ. ಕಡಿಮೆ ಖರ್ಚಿನಲ್ಲಿ ಬಹಳ ಮಂದಿಯನ್ನು ಮುಟ್ಟುವುದು ಇದರ ಅನುಕೂಲ. ಹಂತ ಇಳಿದಂತೆ ಹುರುಳು ತೆಳುವಾಗುವುದು ಇದರ ಕೊರತೆ.

ಬೆಂಗಳೂರು ಯೋಜನೆ

1950 ಮತ್ತು 60ರ ದಶಕಗಳಲ್ಲಿ ದಕ್ಷಿಣ ಭಾರತದಲ್ಲಿ ರಾಚನಿಕ ಕ್ರಮ ಬಳಕೆಗೆ ಬಂತು. ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿಕೊಂಡು, ಒಂದೊಂದನ್ನೂ ಮತ್ತೆ ಮತ್ತೆ ಹೇಳಿಸಿ ರೂಢಿ ಮಾಡಿಸುವುದು ಅದರ ರೀತಿ. ಪಾಠದ ಹೊತ್ತಿನಲ್ಲಿ ಸರಿಯಾಗಿ ಒಪ್ಪಿಸಿದ ವಾಕ್ಯ ಬೇರೆ ಸಂದರ್ಭದಲ್ಲಿ ಮಕ್ಕಳ ಬಾಯಿಗೆ ಬರುವುದಿಲ್ಲ ಎಂಬ ಅಸಮಾಧಾನ ಕ್ರಮೇಣ ಬೆಳೆಯಿತು. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ಸಹಯೋಗದಲ್ಲಿ 1979ರಿಂದ 1984ರವರೆಗೆ ಪ್ರಯೋಗವೊಂದನ್ನು ನಡೆಸಿದರು. ಮನಸ್ಸು ಅರ್ಥದ ಮೇಲೆ ನೆಟ್ಟಿದ್ದಾಗಲೇ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಅವರ ನಿಲುವು. ಜಗತ್ತಿನಾದ್ಯಂತ ಈಗ ಪ್ರಚಲಿತವಾಗಿರುವ ಕಾರ್ಯಾಧಾರಿತ ಭಾಷಾಬೋಧನೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು.

ಪಾಠಕ್ಕೆ ವ್ಯಾಕರಣದ ಪಟ್ಟಿಯ ಬದಲು ಬಿಡಿಸಬೇಕಾದ ಸಮಸ್ಯೆ ಆಧಾರವಾಗಿತ್ತು. ಶಿಕ್ಷಕರು ಮೊದಲು ಇಡೀ ತರಗತಿಯೊಂದಿಗೆ ಪ್ರಶ್ನೋತ್ತರದ ಮೂಲಕ ಒಂದು ಸಮಸ್ಯೆಯನ್ನು ಬಿಡಿಸುತ್ತಿದ್ದರು. ಬಳಿಕ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕಿತ್ತು. ಪ್ರಭು ಇಂಥ ಕಾರ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಒಬ್ಬರಲ್ಲಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವುದು, ಇರುವ ಮಾಹಿತಿಯಿಂದ ಹೊಸದನ್ನು ತರ್ಕಿಸುವುದು, ಸ್ವಂತ ಅಭಿಪ್ರಾಯ ಹೇಳುವುದು. ಎರಡನೆಯ ಬಗೆಗೆ ಅವರು ಹೆಚ್ಚು ಒತ್ತು ಕೊಟ್ಟರು. ಮಕ್ಕಳು ಪರಸ್ಪರರ ತಪ್ಪು ಭಾಷೆಯನ್ನೇ ಕೇಳಿ ಬೇರೂರಿಸಿಕೊಂಡಾರು ಎಂಬ ಕಾರಣದಿಂದ ಗುಂಪು ಚಟುವಟಿಕೆಗೆ ಅವರು ಉತ್ತೇಜನ ಕೊಡಲಿಲ್ಲ. ಈ ಅನುಭವವನ್ನು ದಾಖಲಿಸಿದ ಅವರ ಗ್ರಂಥ 1987ರಲ್ಲಿ ಪ್ರಕಟವಾಯಿತು.

1985ರಲ್ಲಿ ಪ್ರಕಟವಾದ ಬೆರೆಟಾ ಮತ್ತು ಡೇವಿಸ್ ಅವರ ಮೌಲ್ಯಮಾಪನ ಪ್ರಯೋಗವನ್ನು ಎಚ್ಚರಿಕೆಯಿಂದಲೇ ಬೆಂಬಲಿಸಿತು. ಆದರೆ ಬೆರೆಟಾ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆಯ ಹೊರಗಿನಿಂದ ಬಂದ ಸಾಮಾನ್ಯ ಶಾಲಾ ಶಿಕ್ಷಕರಿಗೆ ಈ ಕ್ರಮ ಪೂರ್ತಿಯಾಗಿ ಒಗ್ಗಿರಲಿಲ್ಲ. ಸ್ವತಃ ಪ್ರಭು ಅದೇ ವರ್ಷ ಬರೆದ ಲೇಖನದಲ್ಲಿ, ಎಲ್ಲರಿಗೂ ಸಲ್ಲುವ ಅತ್ಯುತ್ತಮ ವಿಧಾನವೆಂಬುದು ಇಲ್ಲ, ಕಲಿಕೆ ಹೇಗೆ ನಡೆಯುತ್ತದೆಂಬ ಬಗ್ಗೆ ಶಿಕ್ಷಕರಿಗಿರುವ ಜೀವಂತ ನಂಬಿಕೆಯೇ ಮುಖ್ಯ ಎಂದು ವಾದಿಸಿದರು.

ಸ್ಥಳೀಯ ಸಾಮಗ್ರಿ: ಚೆಟ್ಟಳ್ಳಿಯ ಉದಾಹರಣೆ

ಕಾರ್ಯಾಧಾರಿತ ಪಾಠಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಮಕ್ಕಳಿಗೆ ಗೊತ್ತಿರುವ ವಿಷಯ ಬೇಕು. ಮಡಿಕೇರಿ–ಸಿದ್ದಾಪುರ ರಸ್ತೆಯಲ್ಲಿರುವ ಕೊಡಗಿನ ಚೆಟ್ಟಳ್ಳಿಯಲ್ಲಿ ಅದಕ್ಕೆ ಬರವಿಲ್ಲ. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೂ ಇಲ್ಲಿವೆ. ಕೊಡಗಿನ ಅನೇಕ ಬೆಳೆಗಾರರು ತೋಟದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುತ್ತಾರೆ. ಕಾಫಿ ಅರಳಲು ಬೇಸಿಗೆಯಲ್ಲಿ ಹೂಮಳೆ ಬೇಕು. ಕಾಯಿ ಕಚ್ಚಲು ಕೆಲವು ವಾರಗಳ ಬಳಿಕ ಇನ್ನೊಂದು ಮಳೆ ಬೇಕು. ಎರಡು ತೋಟಗಳ ಮಳೆ ಲೆಕ್ಕ ಕೊಟ್ಟು ಯಾವುದಕ್ಕೆ ಸ್ಪ್ರಿಂಕ್ಲರ್ ನೀರು ಬೇಕೆಂದು ಇಂಗ್ಲಿಷಿನಲ್ಲಿ ಕಾರಣಸಹಿತ ಹೇಳಿಸುವುದು ತರ್ಕದ ಕಾರ್ಯವಾಗುತ್ತದೆ. ಬಸ್ಸಿನ ವೇಳಾಪಟ್ಟಿಯ ಅರ್ಧ ಒಬ್ಬರಿಗೆ, ಉಳಿದರ್ಧ ಇನ್ನೊಬ್ಬರಿಗೆ ಕೊಟ್ಟು ಕೇಳಿ ತುಂಬಿಸಿಕೊಳ್ಳುವುದು ಮಾಹಿತಿ ದಾಟಿಸುವ ಕಾರ್ಯ.

ಕೊಡಗಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಮತ್ತು ಜೇನುಕುರುಬ ನುಡಿಗಳನ್ನಾಡುವ ಮನೆಗಳಿವೆ. ಇಂಥ ಮನೆಯ ಮಗುವಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಮನೆಮಾತನ್ನು ತರಗತಿಯ ಸಂಪತ್ತೆಂದು ಬಗೆಯಬೇಕೆಂಬ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಿಲುವು ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಚರ್ಚೆಯನ್ನು ಮನೆಮಾತಿನಲ್ಲೋ ಕನ್ನಡದಲ್ಲೋ ಆರಂಭಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ಪಡೆಯಬಹುದು.

ನಿರಂತರ ವೃತ್ತಿ ಬೆಳವಣಿಗೆ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆಯನ್ನು ಅಪೇಕ್ಷಿಸುತ್ತದೆ. ಡಯಟ್ ಶಿಬಿರ, ಸಿಆರ್‌ಸಿ ಸಮಾಲೋಚನಾ ಸಭೆ, 2017ರಲ್ಲಿ ಬಂದ ದೀಕ್ಷಾ ಜಾಲತಾಣದ ಪಾಠಗಳು ಇದರ ಮಾರ್ಗಗಳು. 1974ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ಭಾರತೀಯ ಇಂಗ್ಲಿಷ್ ಭಾಷಾ ಶಿಕ್ಷಕರ ಸಂಘದಂಥ ಸ್ವಯಂಪ್ರೇರಿತ ಸಂಘಟನೆಗಳೂ ಇವೆ. ಬೆಂಗಳೂರು ಯೋಜನೆಯ ಅನುಭವ ತೋರಿಸುವಂತೆ, ಹೊಸ ಕ್ರಮವನ್ನು ವಿವರಿಸಿ ಕಳುಹಿಸಿದರೆ ಅದು ನೆಲೆಗೊಳ್ಳುವುದಿಲ್ಲ. ಪಾಠವೊಂದನ್ನು ಕೂಡಿ ಯೋಜಿಸುವುದು, ಒಬ್ಬರು ಕಲಿಸುವಾಗ ಇನ್ನೊಬ್ಬರು ಕುಳಿತು ನೋಡುವುದು, ಎಲ್ಲಿ ಮಕ್ಕಳು ತಡವರಿಸಿದರೆಂದು ಚರ್ಚಿಸಿ ಪಾಠವನ್ನು ತಿದ್ದುವುದು ಇದಕ್ಕೆ ಪೂರಕವಾದ ರೂಢಿಗಳು. ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ ಈ ಕೆಲಸಕ್ಕೆ ಸಮಾಲೋಚನಾ ಸಭೆಯೇ ಸಿಗುವ ವೇದಿಕೆ.