ಸೇಂಟ್ ಲೂಯಿಸ್ ಹತ್ತಿರ ಬಂದಾಗ

ಹೊಲಗೇರಿಯ ಹುಡುಗ ಸೈಕಲ್ ಕೊಂಡರೂ ಮೇಲ್ಜಾತಿ ಬೀದಿ ಬಂದ ಕೂಡಲೇ ಇಳಿದು ತಳ್ಳಿಕೊಂಡು ಹೋಗಬೇಕಾದ ಊರುಗಳು ನಮ್ಮಲ್ಲಿದ್ದವು. ಸೈಕಲ್ಲೂ ಅವನದೇ, ಕಾಲೂ ಅವನದೇ. ದಾರಿ ಮಾತ್ರ ಅವನದಲ್ಲ. ಇದನ್ನು ಬಲ್ಲವರಿಗೆ ಅಮೆರಿಕದ ಇಪ್ಪತ್ತು ಜನ ಕಪ್ಪು ಸೈನಿಕರ ಕತೆ ಬಿಡಿಸಿ ಹೇಳಬೇಕಿಲ್ಲ.

1897ರ ಜೂನ್ 14ರಂದು ಮೊಂಟಾನಾದ ಫೋರ್ಟ್ ಮಿಜೂಲಾದಿಂದ ಇವರು ಸೈಕಲ್ ಹತ್ತಿ ಹೊರಟರು. 25ನೇ ಪದಾತಿ ರೆಜಿಮೆಂಟಿನವರು. ಅಲ್ಲಿ ಸಿಪಾಯಿಗಳೆಲ್ಲ ಕಪ್ಪು ಜನ; ಹುಕುಂ ಕೊಡುವವರು ಬಿಳಿಯರು. ಜೊತೆಗೆ ಲೆಫ್ಟಿನೆಂಟ್ ಜೇಮ್ಸ್ ಮಾಸ್, ಒಬ್ಬ ಡಾಕ್ಟರು, ಒಬ್ಬ ಪತ್ರಿಕೆಯ ವರದಿಗಾರ. ಕುದುರೆಗೆ ಹುಲ್ಲು ಬೇಕು, ನೀರು ಬೇಕು. ಸೈಕಲ್ಲಿಗೆ ಅದ್ಯಾವುದೂ ಬೇಡ. ಸೈನ್ಯಕ್ಕೆ ಇದು ಒಗ್ಗುತ್ತದೋ ಇಲ್ಲವೋ ನೋಡಿಬಿಡೋಣ ಅಂತ ಮಾಸನ ಲೆಕ್ಕ. ಗುರಿ, 1,900 ಮೈಲಿ ದೂರದ ಸೇಂಟ್ ಲೂಯಿಸ್.

ಬಂದೂಕು, ಗುಡಾರ, ಕಂಬಳಿ, ಊಟದ ಸಾಮಾನು ಎಲ್ಲವೂ ಸೈಕಲ್ಲಿನ ಮೇಲೆ. ರಾಕಿ ಬೆಟ್ಟಗಳಲ್ಲಿ ಹಿಮ, ಇಳಿದರೆ ಕೆಸರು. ನೆಬ್ರಾಸ್ಕಾದ ಮರಳು ದಿಣ್ಣೆಗಳಲ್ಲಿ ಚಕ್ರ ಹೂತುಹೋಗುತ್ತಿತ್ತು. ರೈಲು ಹಳಿ ಹಿಡಿದು ತಳ್ಳಿಕೊಂಡು ನಡೆದರು. ಸುಡುವ ಬಿಸಿಲು. ದಾರಿಯ ಸವಳು ನೀರು ಕುಡಿದು ಕಾಯಿಲೆ ಬಿದ್ದರು. ಆದರೂ ಬಂದರು.

ಊರು ಹತ್ತಿರವಾದಂತೆ ದಾರಿ ಹಗುರಾಗಬೇಕು. ಇವರಿಗೆ ಆಗಲಿಲ್ಲ. ಕೊನೆಯ ಪಯಣ ಮಿಸೌರಿಯದು. 1865ರವರೆಗೂ ಗುಲಾಮಗಿರಿ ಇದ್ದ ನಾಡು ಅದು. ಹಿಮ, ಮರಳು ದಾಟಿ ಬಂದವರಿಗೆ ಅಲ್ಲಿನ ಕೆಲವು ಬಿಳಿಯ ರೈತರು ತಮ್ಮ ಜಮೀನಿನಲ್ಲಿ ಒಂದು ರಾತ್ರಿ ಗುಡಾರ ಹಾಕಲೂ ಬಿಡಲಿಲ್ಲ. ಮೈಮೇಲೆ ಸರ್ಕಾರದ ಸಮವಸ್ತ್ರವಿದ್ದರೇನು, ಒಳಗಿನ ಚರ್ಮ ಕಪ್ಪಲ್ಲವೆ? ಹಿಂದಿನ ವರ್ಷ, 1896ರಲ್ಲಿ, ಆ ದೇಶದ ಸುಪ್ರೀಂ ಕೋರ್ಟೇ ಪ್ಲೆಸಿ ಮೊಕದ್ದಮೆಯಲ್ಲಿ ಕರಿಯರಿಗೆ ಬೇರೆ ರೈಲುಡಬ್ಬಿ ಇಡುವುದು ಸರಿ ಎಂದು ತೀರ್ಪು ಕೊಟ್ಟಿತ್ತು.

ಜುಲೈ 24ರಂದು ಸೇಂಟ್ ಲೂಯಿಸ್ ಮುಟ್ಟಿದರು. ಊರಿನ ಸೈಕಲ್ ಸವಾರರು ಎದುರುಗೊಂಡರು. ಫಾರೆಸ್ಟ್ ಪಾರ್ಕಿನಲ್ಲಿ ಇವರನ್ನು ನೋಡಲು ಜನಜಾತ್ರೆ. ಮಾಸ್ ಇನ್ನೂ ಮುಂದಕ್ಕೆ ಹೋಗುತ್ತೇವೆ ಅಂದ. ಮೇಲಿನವರು ಸಾಕು ಅಂದರು. ರೈಲು ಹತ್ತಿಸಿ ವಾಪಸ್ಸು ಕಳಿಸಿದರು. ಮರುವರ್ಷ ಕ್ಯೂಬಾದ ಯುದ್ಧ ಬಂತು. ಸೈಕಲ್ ಮೂಲೆ ಸೇರಿತು.

ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತವೆ. ನಾವು ಮುಗಿಸಬಾರದು.

ಆ ಇಪ್ಪತ್ತು ಜನರಲ್ಲಿ ಮಿಂಗೋ ಸ್ಯಾಂಡರ್ಸ್ ಒಬ್ಬ. ದಕ್ಷಿಣ ಕ್ಯಾರೊಲಿನಾದವನು. 1881ರಲ್ಲಿ ಸೈನ್ಯ ಸೇರಿದವನು, ಸವಾರಿಯ ಹೊತ್ತಿಗೆ ಸಾರ್ಜೆಂಟ್. ಕ್ಯೂಬಾದಲ್ಲೂ ಹೋರಾಡಿದ. 1906ರ ಆಗಸ್ಟಿನಲ್ಲಿ ಟೆಕ್ಸಾಸ್‌ನ ಬ್ರೌನ್ಸ್‌ವಿಲ್‌ನಲ್ಲಿ ರಾತ್ರಿ ಗುಂಡು ಹಾರಿತು, ಒಬ್ಬ ಬಿಳಿಯ ಸತ್ತ. ಕರಿಯ ಸಿಪಾಯಿಗಳದೇ ಕೆಲಸ ಅಂತ ಊರು ಕೂಗಿತು. ವಿಚಾರಣೆಯಿಲ್ಲ, ಸಾಬೀತಿಲ್ಲ. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 25ನೇ ರೆಜಿಮೆಂಟಿನ 167 ಜನರನ್ನು ಒಂದೇ ಏಟಿಗೆ ಮನೆಗೆ ಅಟ್ಟಿದ. ಅವರಲ್ಲಿ ಸ್ಯಾಂಡರ್ಸನೂ ಇದ್ದ. ಇಪ್ಪತ್ತೈದು ವರ್ಷದ ಚಾಕರಿ ಮಣ್ಣುಪಾಲಾಯಿತು, ಪಿಂಚಣಿ ಹೋಯಿತು. ಮತ್ತೆ ಸೇರಿಸಿಕೊಳ್ಳಿ ಅಂತ ಬೇಡಿದ, ಕೇಳಲಿಲ್ಲ. 1929ರಲ್ಲಿ ಸತ್ತ. 1972ರಲ್ಲಿ ಸೈನ್ಯ ಆ ಶಿಕ್ಷೆಯನ್ನು ತೊಡೆದುಹಾಕಿತು. ಆಗ ಅವನು ಮಣ್ಣಾಗಿ ನಲವತ್ತಮೂರು ವರ್ಷ.

ಸವಾರಿಯ ವರದಿ ಬರೆದವನು ಮಾಸ್. ಪತ್ರಿಕೆಗೆ ಸುದ್ದಿ ಕಳಿಸಿದವನೂ ಬಿಳಿಯನೇ. ಪೆಡಲು ತುಳಿದ ಇಪ್ಪತ್ತು ಜನರ ಬಾಯಿಮಾತು ನಮ್ಮವರೆಗೆ ಬಂದದ್ದು ತೀರಾ ಕಡಿಮೆ. ಅವರ ಕಾಲಿನ ಕಸುವು ಬೇಕಾಗಿತ್ತು, ಬೇಕಾದಷ್ಟು ದಿನ ಬಳಸಿದರು.

ಮೇಷ್ಟ್ರುಗಳೇ, ಮಕ್ಕಳಿಗೆ ಈ ಸವಾರಿಯ ಕತೆ ಹೇಳುವಾಗ ಜುಲೈ 24ರ ಚಪ್ಪಾಳೆಗೆ ನಿಲ್ಲಿಸಬೇಡಿ. ಮಿಂಗೋ ಸ್ಯಾಂಡರ್ಸ್ ಅಂತ ಹೆಸರು ಹಿಡಿದು ಹೇಳಿ. ಅವನ ದಾರಿ ಸೇಂಟ್ ಲೂಯಿಸ್‌ನಲ್ಲಿ ಮುಗಿದಿರಲಿಲ್ಲ.