ಬೊಕ್ಕಸದ ಜಮೆ, ಮನೆಯ ಖರ್ಚು: ಮುಂಬಯಿ ಇಲಾಖೆಯ ಅಬಕಾರಿಯ ಇತಿಹಾಸ

‘ಅಬಕಾರಿ’ ಎಂಬುದು ಪಾರಸಿ ಮೂಲದ ಶಬ್ದ. ‘ಆಬ್’ ಎಂದರೆ ನೀರು. ‘ಕಾರಿ’ ಎಂದರೆ ಕೆಲಸ. ಭಟ್ಟಿ ಇಳಿಸುವವನ ಉದ್ಯೋಗವನ್ನು ಸೂಚಿಸುತ್ತಿದ್ದ ಈ ಶಬ್ದವು ಕಾಲಾಂತರದಲ್ಲಿ ಆ ಉದ್ಯೋಗದ ಮೇಲಿನ ತೆರಿಗೆಗೂ, ಆ ತೆರಿಗೆಯನ್ನು ವಸೂಲು ಮಾಡುವ ಸರಕಾರಿ ಖಾತೆಗೂ ಹೆಸರಾಯಿತು. ಮಾಡುವವನ ಕೆಲಸದ ಹೆಸರು ವಸೂಲಿಗಾರನ ಕಚೇರಿಯ ಹೆಸರಾಗಿ ನಿಂತ ಈ ಅರ್ಥಾಂತರವು ನಮ್ಮ ದೇಶದಲ್ಲಿ ಮದ್ಯದ ಇತಿಹಾಸವು ಹಿಡಿದ ದಾರಿಯನ್ನೇ ಸೂಚಿಸುತ್ತದೆ. ಮದ್ಯಪಾನವನ್ನು ಕುರಿತು ನಮ್ಮಲ್ಲಿ ನೀತಿಯ ದೃಷ್ಟಿಯಿಂದ ಬೇಕಾದಷ್ಟು ಬರೆಯಲಾಗಿದೆ. ಅದನ್ನು ಲೆಕ್ಕದ ದೃಷ್ಟಿಯಿಂದ ನೋಡಿದವರು ಕಡಿಮೆ. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು 1956ರ ವರೆಗೆ ಯಾವ ಆಡಳಿತಕ್ಕೆ ಒಳಪಟ್ಟಿದ್ದುವೋ ಆ ಮುಂಬಯಿ ಇಲಾಖೆಯ ಅಬಕಾರಿಯ ಜಮಾಖರ್ಚನ್ನು ಸ್ಥೂಲವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೊಂಕಣ ಕರಾವಳಿಯಲ್ಲಿ ತೆಂಗು, ತಾಳೆ ಮರಗಳಿಂದ ಕಳ್ಳು ಇಳಿಸುವ ಕಸುಬು ಬಹು ಪ್ರಾಚೀನವಾದುದು. ಮುಂಬಯಿ ದ್ವೀಪದಲ್ಲಿ ಭಂಡಾರಿಗಳು ಈ ಕಸುಬಿನವರು. ತುಳುನಾಡಿನಲ್ಲಿ ಮೂರ್ತೆ ಕೆಲಸವನ್ನು ಮಾಡುತ್ತಿದ್ದವರು ಬಿಲ್ಲವರು. ಠಾಣೆ, ಸೂರತ್ ಕಡೆಯ ಗಿರಿಜನರು ಹಿಪ್ಪೆಯ ಹೂವನ್ನು ಕೊಳೆಹಾಕಿ ತಮ್ಮ ಮನೆಯಂಗಳದಲ್ಲಿಯೇ ದಾರು ಇಳಿಸಿಕೊಳ್ಳುತ್ತಿದ್ದರು. ಅದು ದೇವರಿಗೂ, ಮದುವೆಗೂ, ಮರಣಕ್ಕೂ ಬೇಕಾದ ವಸ್ತುವಾಗಿತ್ತು. ಹಾಗೆಂದು ಆ ಕಾಲದಲ್ಲಿ ಕುಡಿತದಿಂದ ಹಾನಿ ಇರಲಿಲ್ಲವೆಂದು ಭಾವಿಸಬೇಕಾಗಿಲ್ಲ. ಆದರೆ ಮದ್ಯವು ಊರಿನ ಮರದಿಂದ ಊರಿನವನ ಕೈಯಲ್ಲಿ ಇಳಿದು, ಊರಿನಲ್ಲಿಯೇ ಮುಗಿಯುತ್ತಿತ್ತು. ಅದಕ್ಕಾಗಿ ನಗದು ಹಣವು ಊರು ಬಿಟ್ಟು ಹೋಗುತ್ತಿದ್ದುದು ಅಲ್ಪ.

1668ರಲ್ಲಿ ಮುಂಬಯಿ ದ್ವೀಪವು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಹೊಗೆಸೊಪ್ಪು ಮತ್ತು ಸಾರಾಯಿಯ ಮಾರಾಟದ ಹಕ್ಕನ್ನು ಮಕ್ತೆಗೆ ಕೊಡುವುದು ಆದಾಯದ ಒಂದು ಮಾರ್ಗವಾಯಿತು. ಮುಂದೆ ಕಂಪನಿಯ ಆಳಿಕೆ ಹಬ್ಬಿದಂತೆ ಈ ಮಕ್ತೆಯ ಪದ್ಧತಿಯೂ ಹಬ್ಬಿತು. ಹೆಚ್ಚು ಹಣ ಕೂಗಿದವನಿಗೆ ಆ ಸೀಮೆಯ ಹಕ್ಕು ದೊರೆಯುವುದು; ಅವನು ಎಲ್ಲಿ ಭಟ್ಟಿ ಇಟ್ಟನು, ಎಷ್ಟು ಮಾರಿದನು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಮಕ್ತೇದಾರನ ದಬ್ಬಾಳಿಕೆ ಇದ್ದರೂ ಸರಕಾರದ ಕೈ ಇನ್ನೂ ಮರದ ಬುಡಕ್ಕೆ ಬಂದಿರಲಿಲ್ಲ.

ಅದು ಬಂದುದು 1878ರಲ್ಲಿ. ಆ ವರ್ಷದ 5ನೆಯ ಕಾನೂನಾದ ಮುಂಬಯಿ ಅಬಕಾರಿ ಕಾನೂನು ಭಟ್ಟಿ ಇಳಿಸುವಿಕೆ, ಸಂಗ್ರಹ, ಸಾಗಣೆ, ಮಾರಾಟ ಎಲ್ಲವನ್ನೂ ಸರಕಾರದ ಪರವಾನಗಿಗೆ ಒಳಪಡಿಸಿತು. ಉಪ್ಪಿನ ತೆರಿಗೆಯ ವ್ಯವಸ್ಥೆಯನ್ನು ಬಿಗಿಗೊಳಿಸಿ ಹೆಸರು ಪಡೆದಿದ್ದ ಚಾರ್ಲ್ಸ್ ಪ್ರಿಚರ್ಡ್ ಎಂಬ ಅಧಿಕಾರಿಯೇ ಅಬಕಾರಿಯ ಹೊಸ ಏರ್ಪಾಡಿಗೂ ಮುಖ್ಯ ಕಾರಣಪುರುಷನಾದನು. ಊರೂರಿನ ಸಣ್ಣ ಭಟ್ಟಿಗಳನ್ನು ಮುಚ್ಚಿಸಿ, ಮದ್ಯವನ್ನು ಕೆಲವೇ ಕೇಂದ್ರ ಭಟ್ಟಿಗಳಲ್ಲಿ ತಯಾರಿಸಿ, ಅದರ ಬಲವನ್ನು ಅಳೆದು, ಗ್ಯಾಲನ್ನಿಗಿಷ್ಟು ಎಂದು ಸುಂಕ ಹಾಕಿ ಹೊರಬಿಡುವುದು ಆ ಪದ್ಧತಿಯ ಸಾರ. ಮುಂಬಯಿ ನಗರಕ್ಕೆ ಬೇಕಾದ ಮದ್ಯದ ದೊಡ್ಡ ಕೇಂದ್ರವು ಕೊಲಾಬಾ ಜಿಲ್ಲೆಯ ಉರಣದಲ್ಲಿತ್ತು. ಅಲ್ಲಿನ ಭಟ್ಟಿಗಳೂ, ನಗರದ ಅನೇಕ ಅಂಗಡಿಗಳೂ ಪಾರ್ಸಿ ವ್ಯಾಪಾರಿಗಳ ಕೈಯಲ್ಲಿದ್ದುವು. ಕಳ್ಳಿನ ಮರಗಳಿಗೂ ಗುರುತು ಹಾಕಿ ಮರವೊಂದಕ್ಕೆ ಇಷ್ಟೆಂದು ತೆರಿಗೆಯನ್ನು ಏರಿಸಲಾಯಿತು. ಭಂಡಾರಿಗಳು ಇದನ್ನು ಪ್ರತಿಭಟಿಸಿದರು. ಆಡಳಿತದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಸೋರಿಕೆ ನಿಂತಿತು, ಜಮೆ ಬೆಳೆಯಿತು.

ಆದರೆ ಇದೇ ಏರ್ಪಾಡು ಒಂದು ಹೊಸ ಅಪರಾಧವನ್ನೂ ಸೃಷ್ಟಿಸಿತು. ನಿನ್ನೆಯ ವರೆಗೆ ಮನೆಯ ವಾಡಿಕೆಯಾಗಿದ್ದುದು ಇಂದು ‘ಕಳ್ಳಭಟ್ಟಿ’ ಎನಿಸಿಕೊಂಡಿತು. ಇದನ್ನು ತಡೆಯಲು 1892ರಲ್ಲಿ ಠಾಣೆ ಮತ್ತು ಕೊಲಾಬಾ ಜಿಲ್ಲೆಗಳನ್ನು ಕುರಿತು ಹಿಪ್ಪೆ ಹೂವಿನ ಕಾನೂನು ಬಂದಿತು. ಹಿಪ್ಪೆಯ ಹೂವು ಗಿರಿಜನರಿಗೆ ಬೇಸಗೆಯ ಆಹಾರವೂ ಹೌದು. ಅದನ್ನು ಒಣಗಿಸಿ ತಿನ್ನುವ ರೂಢಿ ಅವರಲ್ಲಿದೆ. ಆದರೂ ಹೂವನ್ನು ಕೂಡಿಟ್ಟುಕೊಳ್ಳುವುದಕ್ಕೇ ನಿರ್ಬಂಧ ಬಿದ್ದಿತು. ಹೊಸ ಪದ್ಧತಿಯಲ್ಲಿ ಮದ್ಯವು ದುಬಾರಿಯಾದುದರಿಂದ ಕುಡಿತ ಕಡಿಮೆಯಾಗುವುದೆಂದು ಸರಕಾರ ವಾದಿಸುತ್ತಿತ್ತು. 1905ರಲ್ಲಿ ಭಾರತ ಸರಕಾರವು ಪ್ರಕಟಿಸಿದ ಧೋರಣೆಯಲ್ಲಿ ಈ ವಾದವು ಸ್ಪಷ್ಟರೂಪವನ್ನು ಪಡೆಯಿತು. ಅತ್ಯಲ್ಪ ಸೇವನೆ, ಅತ್ಯಧಿಕ ಆದಾಯ ಎಂಬುದೇ ಅದರ ತಿರುಳು. ಈ ಎರಡು ಗುರಿಗಳು ಒಂದೇ ಬಂಡಿಗೆ ಹೂಡಿದ ಎರಡು ಎತ್ತುಗಳಂತೆ ಕಾಣಿಸಿದರೂ ಅವುಗಳ ಮುಖ ಬೇರೆ ಬೇರೆ ದಿಕ್ಕಿಗಿತ್ತು. ಸೇವನೆ ನಿಜವಾಗಿ ಇಳಿದರೆ ಆದಾಯವೂ ಒಂದು ದಿನ ಇಳಿಯಲೇಬೇಕು. ಆ ದಿನಕ್ಕಾಗಿ ಯಾವ ಸಿದ್ಧತೆಯನ್ನೂ ಯಾರೂ ಮಾಡಲಿಲ್ಲ. ಅಬಕಾರಿಯು ಭೂಕಂದಾಯದ ಬೆನ್ನಿಗೇ ನಿಲ್ಲುವ ಆದಾಯವಾಗಿ ಬೆಳೆಯಿತು.

ಈ ಸ್ಥಿತಿಯನ್ನು ಕಂಡು ಎಚ್ಚರಿಸಿದವರು ಇಲ್ಲದಿರಲಿಲ್ಲ. 1880ರಲ್ಲಿ ಪುಣೆಯ ನಗರಸಭೆಯ ಸದಸ್ಯರಾಗಿದ್ದ ಜೋತಿರಾವ್ ಫುಲೆಯವರು ಊರಿನಲ್ಲಿ ಹೆಚ್ಚುತ್ತಿದ್ದ ಮದ್ಯದಂಗಡಿಗಳನ್ನು ವಿರೋಧಿಸಿ ನಗರಸಭೆಗೆ ಪತ್ರ ಬರೆದರು. 1889ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯೇ ಭಾರತದ ಅಬಕಾರಿ ನೀತಿಯನ್ನು ಆಕ್ಷೇಪಿಸುವ ನಿರ್ಣಯವನ್ನು ಅಂಗೀಕರಿಸಿತು. 1908ರಲ್ಲಿ ಲೋಕಮಾನ್ಯ ತಿಲಕರ ನೇತೃತ್ವದಲ್ಲಿ ಪುಣೆಯ ಸ್ವಯಂಸೇವಕರು ಅಂಗಡಿಗಳ ಮುಂದೆ ನಿಂತು ಕುಡಿಯಬರುವವರನ್ನು ತಡೆದರು. ಮದ್ಯವನ್ನು ಬೇಡವೆನ್ನುವುದು ರಾಜದ್ರೋಹದ ಸಮೀಪಕ್ಕೆ ಬರುವ ಕಾರ್ಯವೆಂದು ಸರಕಾರಕ್ಕೆ ತೋರಿದುದು ಆಶ್ಚರ್ಯವಲ್ಲ. ಏಕೆಂದರೆ ಪ್ರತಿಯೊಂದು ಬಟ್ಟಲಿನಲ್ಲಿಯೂ ಅದರ ಪಾಲಿತ್ತು.

ಇದರ ಅತ್ಯಂತ ದಾರುಣವಾದ ಸಾಕ್ಷ್ಯವು ಕನ್ನಡ ನಾಡಿನಲ್ಲಿಯೇ ದೊರೆಯುತ್ತದೆ. ಅಸಹಕಾರ ಚಳವಳಿಯ ಕಾಲದಲ್ಲಿ, 1921ರ ಜುಲೈ 1ರಂದು, ಧಾರವಾಡದಲ್ಲಿ ಸೆರೆಯಂಗಡಿಯ ಮುಂದಿನ ಪಹರೆಯ ಸಂಬಂಧದಲ್ಲಿ ಕೂಡಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಖಿಲಾಫತ್ ಸ್ವಯಂಸೇವಕರಾದ ಮೂವರು ಮಡಿದರು, ಅನೇಕರು ಗಾಯಗೊಂಡರು. ಆಮೇಲೆ ಮೊಕದ್ದಮೆಗಳು ನಡೆದುದು ಚಳವಳಿಗಾರರ ಮೇಲೆ. ಕುಡಿಯಬೇಡಿರೆಂದು ಹೇಳುವುದಕ್ಕೆ ನಿಂತವರ ಪ್ರಾಣವು ಒಂದು ಅಂಗಡಿಯ ಪರವಾನಗಿಗಿಂತ ಅಗ್ಗವಾಯಿತು. ಮರುವರ್ಷ, 1922ರ ಕೊನೆಯಲ್ಲಿ, ದಕ್ಷಿಣ ಗುಜರಾಥದ ಗಿರಿಜನರಲ್ಲಿ ‘ದೇವಿ’ಯ ಆವೇಶವಾಗಿ, ದಾರು ಮತ್ತು ಕಳ್ಳನ್ನು ಬಿಡಬೇಕೆಂಬ ಅಪ್ಪಣೆಯು ಊರಿಂದೂರಿಗೆ ಹಬ್ಬಿತು. ಸಾವಿರಾರು ಮಂದಿ ಯಾವ ಕಾನೂನಿನ ಬಲವೂ ಇಲ್ಲದೆ ಮದ್ಯವನ್ನು ತೊರೆದರು. ಸಾಲಕೊಟ್ಟು ತಮ್ಮ ಭೂಮಿಯನ್ನು ಸೆಳೆದುಕೊಂಡಿದ್ದ ಮದ್ಯದ ವ್ಯಾಪಾರಿಗಳ ಕೆಲಸಕ್ಕೆ ಹೋಗುವುದನ್ನೂ ನಿಲ್ಲಿಸಿದರು. ಬೊಕ್ಕಸದ ಲೆಕ್ಕದಲ್ಲಿ ಎಲ್ಲಿಯೂ ಕಾಣದ ಖರ್ಚಿನ ಪುಟವನ್ನು ಅವರು ತಾವೇ ಓದಿಕೊಂಡಿದ್ದರು.

ಮುಂದಿನ ಕಥೆಯಲ್ಲಿ ಅಧಿಕಾರವು ನಮ್ಮವರ ಕೈಗೆ ಬರುತ್ತದೆ. 1919ರ ಸುಧಾರಣೆಗಳ ಪ್ರಕಾರ ಶಿಕ್ಷಣವೂ ಅಬಕಾರಿಯೂ ಕೂಡಿಯೇ ಭಾರತೀಯ ಮಂತ್ರಿಗಳಿಗೆ ವರ್ಗವಾದುವು. ಶಾಲೆ ತೆರೆಯಬೇಕೆಂದರೆ ಹಣ ಬೇಕು, ಹಣವಿದ್ದುದು ಮದ್ಯದಲ್ಲಿ. ತಂದೆ ಕುಡಿದರೆ ಮಗ ಓದುವನು ಎಂಬಂತಹ ಈ ವಿಚಿತ್ರ ಹೊಂದಾಣಿಕೆಯನ್ನು ಗಾಂಧೀಜಿಯವರು ಕಟುವಾಗಿ ಖಂಡಿಸಿದರು. 1937ರ ಅಕ್ಟೋಬರದಲ್ಲಿ ವರ್ಧಾದಲ್ಲಿ ಮಂಡಿತವಾದ ಸ್ವಾವಲಂಬೀ ಮೂಲಶಿಕ್ಷಣದ ಯೋಜನೆಗೆ, ಮದ್ಯದ ಹಣವಿಲ್ಲದೆ ಶಾಲೆಗಳನ್ನು ನಡೆಸುವುದು ಹೇಗೆಂಬ ಪ್ರಶ್ನೆಯೂ ಒಂದು ಪ್ರೇರಣೆಯಾಗಿತ್ತು. ಅದೇ ತಿಂಗಳು ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆಯಲ್ಲಿ ರಾಜಾಜಿಯವರು ಪಾನನಿರೋಧವನ್ನು ಜಾರಿಗೆ ತಂದರು. ಅದರ ನಷ್ಟವನ್ನು ತುಂಬಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ವಿಧಿಸಿದರು. ಇಂದು ನಾವು ಪ್ರತಿಯೊಂದು ಖರೀದಿಯಲ್ಲಿ ತೆರುವ ತೆರಿಗೆಯ ವಂಶಾವಳಿಯಲ್ಲಿ ಪಾನನಿರೋಧವೂ ಒಬ್ಬ ಪೂರ್ವಜನೆಂಬುದನ್ನು ಬಹಳ ಮಂದಿ ಬಲ್ಲವರಲ್ಲ.

ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲವು 1939ರ ಆಗಸ್ಟ್ 1ರಂದು ನಗರದಲ್ಲಿ ಪಾನನಿರೋಧವನ್ನು ಆರಂಭಿಸಿತು. ಅಬಕಾರಿ ಖಾತೆಯ ಮಂತ್ರಿಗಳಾಗಿದ್ದ ಡಾಕ್ಟರ್ ಗಿಲ್ಡರ್ ಅವರು ಹೃದ್ರೋಗತಜ್ಞರು, ಸ್ವತಃ ಪಾರ್ಸಿಗಳು. ಅವರದೇ ಸಮಾಜದಿಂದ ತೀವ್ರ ವಿರೋಧ ಬಂದಿತು. ನಷ್ಟ ತುಂಬಲು ನಗರದ ಕಟ್ಟಡಗಳ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ಶೇಕಡಾ 10ರಂತೆ ಹೊಸ ತೆರಿಗೆ ಬಿದ್ದಿತು. ಬಡವನ ಬಟ್ಟಲಿನಿಂದ ಬರುತ್ತಿದ್ದ ಹಣವನ್ನು ಶ್ರೀಮಂತನ ಕಟ್ಟಡದಿಂದ ಪಡೆಯುವ ಈ ಯತ್ನವು ನಮ್ಮ ಹಣಕಾಸಿನ ಇತಿಹಾಸದಲ್ಲಿ ನೆನೆಯತಕ್ಕುದು. ಆದರೆ ಅದೇ ವರ್ಷ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು; ಯೋಜನೆ ಕುಸಿಯಿತು.

ಸ್ವಾತಂತ್ರ್ಯಾನಂತರ 1949ರ ಪಾನನಿರೋಧ ಕಾನೂನು ಬಂದಿತು. 1950ರ ಏಪ್ರಿಲ್ 6ರಿಂದ ಇಡೀ ರಾಜ್ಯವು, ನಮ್ಮ ಕನ್ನಡ ಜಿಲ್ಲೆಗಳೂ ಸೇರಿ, ಕಾನೂನಿನ ದೃಷ್ಟಿಯಲ್ಲಿ ಮದ್ಯಮುಕ್ತವಾಯಿತು. ಸಂವಿಧಾನದ 47ನೆಯ ಅನುಚ್ಛೇದದ ಬೆಂಬಲವೂ ಅದಕ್ಕಿತ್ತು. 1951ರಲ್ಲಿ ಬಲ್ಸಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮದ್ಯಸಾರವುಳ್ಳ ಔಷಧ ಮತ್ತು ಪ್ರಸಾಧನ ದ್ರವ್ಯಗಳಿಗೆ ಸಂಬಂಧಿಸಿದ ಕೆಲವು ಭಾಗಗಳನ್ನು ಬಿಟ್ಟು, ಕಾನೂನನ್ನು ಎತ್ತಿಹಿಡಿಯಿತು. ಹಲವು ಬಡ ಮನೆಗಳಲ್ಲಿ ಕೂಲಿಯ ಹಣವು ಇಡಿಯಾಗಿ ಮನೆ ಸೇರಿದ್ದು ಈ ಕಾಲದ ಲಾಭ, ಅದನ್ನು ಮರೆಯಬಾರದು. ಆದರೆ ಉಳ್ಳವನಿಗೆ ಆರೋಗ್ಯದ ಹೆಸರಿನ ಪರವಾನಗಿ ದೊರೆಯುತ್ತಿತ್ತು. ಇಲ್ಲದವನಿಗೆ ಕೊಳಚೆ ಪ್ರದೇಶದ ಕಳ್ಳಭಟ್ಟಿಯೇ ಗತಿಯಾಯಿತು. 1878ರ ಕಾನೂನು ಬಡವನ ವಾಡಿಕೆಯನ್ನು ಅಪರಾಧವಾಗಿಸಿದ್ದರೆ, 1949ರ ಕಾನೂನು ಆ ಅಪರಾಧವನ್ನು ಒಂದು ಉದ್ಯಮವಾಗಿ ಬೆಳೆಯಗೊಟ್ಟಿತು.

ಇನ್ನೊಂದು ಬಾಬನ್ನು ಇಲ್ಲಿ ಜ್ಞಾಪಿಸಬೇಕು. ಕಳ್ಳಿಳಿಸುವ ಕಸುಬನ್ನೇ ನಂಬಿದ್ದವರ ಹೊಟ್ಟೆಯ ಪಾಡೇನು? ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಮದ್ಯವನ್ನು ಮಾಡಲೂ ಬೇಡಿ, ಕೊಡಲೂ ಬೇಡಿ, ಕುಡಿಯಲೂ ಬೇಡಿ ಎಂದು ಬೋಧಿಸಿದಾಗ, ಅದರೊಂದಿಗೆ ವಿದ್ಯೆ, ಸಂಘಟನೆ, ಉದ್ಯೋಗಗಳ ದಾರಿಯನ್ನೂ ತೋರಿಸಿದರು. ತುಳುನಾಡಿನಿಂದ ಮುಂಬಯಿಗೆ ಬಂದು, ಹಗಲು ದುಡಿದು, ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಜನರ ಬಾಳಿನಲ್ಲಿ ಆ ಬೋಧನೆ ಫಲಿಸಿದುದನ್ನು ವಾಚಕರು ಬಲ್ಲರು. ಗುರುಗಳು ಕಂಡ ಈ ಎರಡನೆಯ ಅರ್ಧವನ್ನು ಸರಕಾರಗಳು ಅಷ್ಟೇ ಗಂಭೀರವಾಗಿ ಕಾಣಲಿಲ್ಲ.

1960ರ ದಶಕದ ಮಧ್ಯದಿಂದ ಮಹಾರಾಷ್ಟ್ರವು ನಿಷೇಧವನ್ನು ಹಂತಹಂತವಾಗಿ ಸಡಿಲಿಸಿತು; 1973ರಿಂದ ದೇಶೀ ದಾರು ಮತ್ತೆ ಪರವಾನಗಿಯ ಸರಕಾಯಿತು. ಗುಜರಾಥವು ನಿಷೇಧವನ್ನು ಉಳಿಸಿಕೊಂಡಿತು. ವಿಷಮದ್ಯದ ದುರಂತಗಳು ಎರಡು ಕಡೆಯೂ ಸಂಭವಿಸಿದುವು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು, 2009ರಲ್ಲಿ ಅಹಮದಾಬಾದಿನಲ್ಲಿ 100ಕ್ಕೂ ಹೆಚ್ಚು, 2015ರಲ್ಲಿ ಮುಂಬಯಿಯ ಮಾಲವಣಿಯಲ್ಲಿ 100ರಷ್ಟು ಮಂದಿ ಸತ್ತರು. ಇವುಗಳ ಕಾರಣವು ಸಾಮಾನ್ಯವಾಗಿ ಕೈಗಾರಿಕೆಗೆ ಬಳಸುವ ಮೆಥನಾಲು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನೂ ಅನಂತರ ಪ್ರಾಣವನ್ನೂ ತೆಗೆಯುತ್ತದೆ. ನಿಷೇಧವಿದ್ದಲ್ಲಿಯೂ ಇಲ್ಲದಲ್ಲಿಯೂ ಸತ್ತವರು ಅಗ್ಗದ ಬಟ್ಟಲಿನ ಹೊರತು ಬೇರೆಯದನ್ನು ಕೊಳ್ಳಲಾರದವರೇ.

ಬೊಕ್ಕಸದ ಅವಲಂಬನೆ ಈಗಲೂ ಕಡಿಮೆಯಾಗಿಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ರಾಜ್ಯಗಳು ಅನೇಕ ತೆರಿಗೆಗಳನ್ನು ಬಿಟ್ಟುಕೊಟ್ಟುವು. ಕುಡಿಯುವ ಮದ್ಯದ ಮೇಲಿನ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. 2020ರ ಮೇ ತಿಂಗಳಲ್ಲಿ, ಸಾಂಕ್ರಾಮಿಕದ ನಿರ್ಬಂಧಗಳ ನಡುವೆಯೇ ಹಲವು ರಾಜ್ಯಗಳು ಮದ್ಯದಂಗಡಿಗಳನ್ನು ತೆರೆದುವು. ದಿಲ್ಲಿಯಲ್ಲಿ ಬೆಲೆಯ ಮೇಲೆ ಶೇಕಡಾ 70ರ ವಿಶೇಷ ಶುಲ್ಕವನ್ನೂ ಹಾಕಲಾಯಿತು. ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಧಾರವಾಡದ ಗುಂಡಿನ ಸದ್ದಿಗೆ ಅಂದಿಗೆ ಸರಿಯಾಗಿ 86 ವರ್ಷ. ಆದರೆ ಇತರ ಮದ್ಯದ ಸಗಟು ವಿತರಣೆ ಸರಕಾರದ ನಿಗಮದ ಕೈಯಲ್ಲಿಯೇ ಮುಂದುವರಿಯಿತು.

ಲೆಕ್ಕಪತ್ರವನ್ನೇ ಜೀವನವೃತ್ತಿಯಾಗಿ ಮಾಡಿಕೊಂಡವನಿಗೆ ಈ ಇತಿಹಾಸದಲ್ಲಿ ಒಂದು ದೋಷ ಎದ್ದು ಕಾಣುತ್ತದೆ. ಮದ್ಯದ ಜಮೆಯನ್ನು ಬರೆದ ಪುಸ್ತಕ ಒಂದು. ಅದರ ಖರ್ಚು ಬಿದ್ದ ಪುಸ್ತಕ ಇನ್ನೊಂದು. ಜಮೆಯು ಬೊಕ್ಕಸದಲ್ಲಿ ಪೈಸೆ ಬಿಡದೆ ದಾಖಲಾಯಿತು. ಖರ್ಚು ಅಡವಿಟ್ಟ ಪಾತ್ರೆಯಲ್ಲಿ, ಶಾಲೆ ಬಿಟ್ಟ ಮಗುವಿನಲ್ಲಿ, ಹೆಂಗಸಿನ ಮೈಮೇಲಿನ ಬಾಸುಂಡೆಯಲ್ಲಿ ಬಿದ್ದುದರಿಂದ ಯಾವ ವಾರ್ಷಿಕ ವರದಿಯನ್ನೂ ಸೇರಲಿಲ್ಲ. ಎರಡು ಪುಸ್ತಕಗಳನ್ನೂ ಒಟ್ಟಿಗಿಟ್ಟು ತಾಳೆ ನೋಡದ ಆಳಿಕೆಯು ಅಂಗಡಿ ತೆರೆದರೂ ಮುಚ್ಚಿದರೂ ಫಲ ಅಪೂರ್ಣವೇ. 1939ರ ಪ್ರಯೋಗಗಳು, ಅವುಗಳ ದೋಷಗಳೇನೇ ಇರಲಿ, ಪರ್ಯಾಯ ಆದಾಯವನ್ನು ಮೊದಲು ಹುಡುಕಿದುವು ಎಂಬ ಕಾರಣಕ್ಕೆ ಪುನಃ ಅಭ್ಯಾಸಯೋಗ್ಯವಾಗಿವೆ.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಹಳೆಯ ಇಲಾಖೆಯ ಕಡತಗಳಿವೆ. ಈ ನಗರದಲ್ಲಿ ನೆಲೆಸಿದ ಕನ್ನಡ ತರುಣರು ಅವುಗಳಲ್ಲಿ ಧಾರವಾಡದ, ಕಾರವಾರದ ಪುಟಗಳನ್ನು ಶೋಧಿಸಿ ಓದಿದರೆ ಬೊಕ್ಕಸದ ಲೆಕ್ಕ ದೊರಕೀತು. ಇನ್ನೊಂದು ಲೆಕ್ಕ ನಮ್ಮ ಮನೆಗಳ ಹಿರಿಯ ಹೆಂಗಸರ ನೆನಪಿನಲ್ಲಿದೆ. ಅದನ್ನು ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ.